ಟ್ಯೂಬ್ ಬರೆಯುವ ಮೊದಲು ಒಂದು ಸಲ ಕೆರೆದು ನೋಡಿ

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಕೆಲಸ ಮಾಡುವ ಒಬ್ಬರು ಮೊನ್ನೆ ಚರ್ಮದ ಡಾಕ್ಟರಾದ ನನ್ನ ಹತ್ತಿರ ಹುಳುಕಡ್ಡಿ ತೋರಿಸಲು ಬಂದಿದ್ದರು. ಕೂತ ತಕ್ಷಣ ಜೇಬಿನಿಂದ ಒಂದು ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟರು. ಪೇಸ್ಟ್ ಮುಗಿಯುತ್ತ ಬಂದಾಗ ಸುತ್ತುತ್ತೀವಲ್ಲ, ಹಾಗೆ ಬುಡದಿಂದ ಕತ್ತಿನವರೆಗೆ ಸುತ್ತಿದ್ದರು.

'ಇದು ಹಚ್ಚಿದ್ರೆ ಎರಡೇ ದಿನಕ್ಕೆ ಹೋಗುತ್ತೆ ಸಾರ್. ಬಿಟ್ರೆ ನಾಲ್ಕನೇ ದಿನ ಮತ್ತೆ ಬರುತ್ತೆ. ಇದಕ್ಕಿಂತ ಪವರ್ ಇರೋದು ಕೊಡಿ.'

ಎಷ್ಟು ದಿನದಿಂದ ಅಂದೆ. ಹೋದ ಯುಗಾದಿಯಿಂದ ಅಂದರು. ಮನೆಯಲ್ಲಿ ಇನ್ನ್ಯಾರಿಗೆ? ಹೆಂಡತಿಗೆ, ಅಮ್ಮನಿಗೆ, ಮೂರು ವರ್ಷದ ಮಗುವಿಗೆ. ನಾಲ್ಕೂ ಜನಕ್ಕೆ ಇದೇ ಟ್ಯೂಬ್. ಒಂದು ಸಲ ಡಾಕ್ಟರು ಬರೆದುಕೊಟ್ಟಿದ್ದರಂತೆ. ಆಮೇಲೆ ಚೀಟಿ ಬೇಕಾಗಿಲ್ಲ, ಖಾಲಿ ಟ್ಯೂಬ್ ತೋರಿಸಿದರೆ ಅಂಗಡಿಯಲ್ಲಿ ಇನ್ನೊಂದು ಕೊಡುತ್ತಾರೆ. ಇಂಥ ಸ್ಟೀರಾಯ್ಡ್ (ಉರಿ, ತುರಿಕೆ ಅಡಗಿಸುವ ಔಷಧ) ಇರುವ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಇರಲಿ, ಅಂಗಡಿಯವರನ್ನು ಬೈಯೋದು ಸುಲಭ. ಮೊದಲ ಚೀಟಿ ನಮ್ಮವರದೇ ಅಲ್ವಾ?

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಚರ್ಮರೋಗದ ತರಬೇತಿ ಕೊಡಲು ನನ್ನನ್ನು ಆಗಾಗ ಕರೆಯುತ್ತಾರೆ. ಪ್ರತಿ ಸಲ ಮೊದಲು ಬರುವ ಪ್ರಶ್ನೆ ಒಂದೇ. 'ಸಾರ್, ಯಾವ ಕ್ರೀಮ್ ಬರೀಬೇಕು, ಅಷ್ಟು ಹೇಳಿಬಿಡಿ.' ಕೇಳುವವರ ಮೇಲೆ ನನಗೆ ಕೋಪ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಜ್ವರ, ಬಸುರಿಯರು, ನಾಯಿ ಕಚ್ಚಿದವರು ಎಲ್ಲ ಸಾಲು ನಿಂತಿರುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ ಚರ್ಮ ವಿಭಾಗಕ್ಕೆ ಸಿಕ್ಕಿದ್ದು ಒಂದೆರಡು ವಾರ. ಅದರಲ್ಲೂ ಅರ್ಧ ದಿನ ರಜೆ ಹಾಕಿರುತ್ತಾರೆ, ನಾನೂ ಹಾಕಿದ್ದೆ. ಆದರೆ ಹುಳುಕಡ್ಡಿಗೆ ಸ್ಟೀರಾಯ್ಡ್, ಫಂಗಸ್ ಔಷಧ, ಬ್ಯಾಕ್ಟೀರಿಯಾ ಔಷಧ ಈ ಮೂರೂ ಸೇರಿಸಿದ ಕ್ರೀಮ್ ಬರೆಯೋದನ್ನು ಮಾತ್ರ ನಾನು ಒಪ್ಪಲಾರೆ.

ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಹುಳುಕಡ್ಡಿ ಅಂದರೆ ಹುಳ ಅಲ್ಲ, ಚರ್ಮದ ಮೇಲ್ಪದರ ತಿಂದು ಬದುಕುವ ಶಿಲೀಂಧ್ರ, ಅಂದರೆ ಫಂಗಸ್. ಕೆಂಪಗಾಗೋದು, ತುರಿಸೋದು, ಉಂಗುರದ ಅಂಚು ಉಬ್ಬೋದು ಇವೆಲ್ಲ ಬಹುಪಾಲು ನಮ್ಮ ಮೈ ಆ ಫಂಗಸ್ ಜೊತೆ ಮಾಡುವ ಜಗಳ. ಸ್ಟೀರಾಯ್ಡ್ ಆ ಜಗಳವನ್ನು ನಿಲ್ಲಿಸುತ್ತದೆ. ಕಳ್ಳ ಒಳಗೆ ನುಗ್ಗಿರುವಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ. ಮನೆಯವರಿಗೆ ಒಳ್ಳೆ ನಿದ್ದೆ, ಕಳ್ಳನಿಗೆ ಇನ್ನೂ ಅನುಕೂಲ.

ಇಲ್ಲಿ ಯಾರಾದರೂ ಕೈ ಎತ್ತಿಯೇ ಎತ್ತುತ್ತಾರೆ. 'ಫಂಗಸ್ ಔಷಧವೂ ಅದೇ ಟ್ಯೂಬ್‌ನಲ್ಲಿ ಇದೆಯಲ್ಲ ಸಾರ್?' ಇದೆ. ಆದರೆ ಫಂಗಸ್ ಔಷಧ ಕೆಲಸ ಮಾಡಲು ವಾರಗಟ್ಟಲೆ ಬೇಕು. ಕಲೆ ಮಾಯವಾದ ಮೇಲೂ ಎರಡು ವಾರ ಹಚ್ಚಿ ಅಂತ ನಾವು ಹೇಳುತ್ತೇವೆ. ಸ್ಟೀರಾಯ್ಡ್ ತುರಿಕೆ ನಿಲ್ಲಿಸೋದು ಎರಡೇ ದಿನದಲ್ಲಿ. ತುರಿಕೆ ನಿಂತರೆ ಯಾರು ತಾನೇ ಹಚ್ಚುತ್ತಾರೆ? ಬಿಡುತ್ತಾರೆ, ಫಂಗಸ್ ಉಳಿಯುತ್ತದೆ. ಬಿಡದೆ ವಾರಗಟ್ಟಲೆ ಹಚ್ಚಿದರು ಅಂತಲೇ ಇಟ್ಟುಕೊಳ್ಳಿ. ಆಗ ಕ್ಲೊಬೆಟಾಸಾಲ್‌ನಂಥ ಅತಿ ತೀಕ್ಷ್ಣ ಸ್ಟೀರಾಯ್ಡ್ ವಾರಗಟ್ಟಲೆ ತೊಡೆಸಂದಿಯಲ್ಲಿ ಕೂರುತ್ತದೆ. ಬೇಗ ಬಿಟ್ಟರೂ ಸೋಲು, ಬಿಡದೆ ಹಚ್ಚಿದರೂ ಸೋಲು. ಮೂರನೇ ದಾರಿ ಆ ಟ್ಯೂಬ್‌ನಲ್ಲಿ ಇಲ್ಲ.

ತೊಡೆಸಂದಿ ಅಂದೆನಲ್ಲ. ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡನ್ನು ಚರ್ಮ ಎಲ್ಲಿ ಎಷ್ಟು ಹೀರುತ್ತದೆ ಅಂತ 1967ರಲ್ಲೇ ಅಳೆದು ನೋಡಿದ್ದಾರೆ. ಮುಂಗೈ ಚರ್ಮಕ್ಕಿಂತ ವೃಷಣದ ಚರ್ಮ ಸುಮಾರು 40 ಪಟ್ಟು ಜಾಸ್ತಿ ಹೀರುತ್ತದೆ. ಆ ರೀಲಿಂಗ್ ಅಣ್ಣನ ತೊಡೆಯಲ್ಲಿ ಬಸುರಿ ಹೊಟ್ಟೆಯ ಮೇಲಿರುವಂಥ ಗೆರೆಗಳು, ಬೆರಳಗಲ, ನೇರಳೆ ಬಣ್ಣ. ಫಂಗಸ್ ಹೋಗಬಹುದು, ಆ ಗೆರೆಗಳು ಪೂರ್ತಿ ಹೋಗಲ್ಲ. ಉಂಗುರವೂ ಉಂಗುರದ ಹಾಗೆ ಉಳಿದಿರಲಿಲ್ಲ. ಒಂದರೊಳಗೊಂದು ಮೂರು ಸುತ್ತು, ಅಂಚು ಮಸುಕು. ಇಂಥದ್ದನ್ನು ನೋಡಿ ಇಸುಬು ಅಂದುಕೊಂಡು ಇನ್ನಷ್ಟು ಸ್ಟೀರಾಯ್ಡ್ ಬರೆದವರೂ ಇದ್ದಾರೆ.

ಅದಕ್ಕೇ ಈಗ ತರಬೇತಿಯಲ್ಲಿ ಸ್ಲೈಡ್ ಶೋ ಕಡಿಮೆ ಮಾಡಿದ್ದೇನೆ. ಕೆರೆಯೋದು ಕಲಿಸುತ್ತೇನೆ. ಉಂಗುರದ ಅಂಚಿನಿಂದ ಕೆರೆಯಬೇಕು, ನಡುವಿನಿಂದ ಅಲ್ಲ. ಗಾಜಿನ ಮೇಲೆ ಉದುರಿದ ಹೊಟ್ಟಿಗೆ 10% ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಒಂದು ತೊಟ್ಟು, ಮೇಲೊಂದು ಕವರ್ ಸ್ಲಿಪ್, ಹತ್ತು ಹದಿನೈದು ನಿಮಿಷ ಕಾಯೋದು. ಕಫ, ಮಲೇರಿಯಾ ನೋಡುವ ಮೈಕ್ರೋಸ್ಕೋಪೇ ಸಾಕು, ಬೆಳಕು ಸ್ವಲ್ಪ ತಗ್ಗಿಸಬೇಕು ಅಷ್ಟೆ. ಹೋದ ಸಲ ಒಬ್ಬ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು, 'ಸಾರ್, ಬಂತು ಬಂತು!' ಅಂತ ಕೂಗಿದಳು. ಹೋಗಿ ನೋಡಿದೆ. ಹತ್ತಿಯ ಎಳೆ! ಎಲ್ಲರೂ ನಕ್ಕರು. ಅವಳು ಬಿಡಲಿಲ್ಲ, ಗಾಜನ್ನು ಅತ್ತಿತ್ತ ಸರಿಸುತ್ತ ಇನ್ನೂ ಹುಡುಕಿದಳು. ಆಮೇಲೆ ನಿಜವಾಗಿಯೇ ಸಿಕ್ಕಿತು. ಜೀವಕೋಶಗಳ ಗೆರೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಹಾದುಹೋಗುವ, ಕವಲೊಡೆದ ಎಳೆಗಳು. ಸ್ಟೀರಾಯ್ಡ್ ಹಚ್ಚಿದವರಲ್ಲಿ ಇವು ಎಷ್ಟೋ ಸಲ ರಾಶಿ ರಾಶಿ ಸಿಗುತ್ತವೆ. ಸಿಗದಿದ್ದರೆ ಫಂಗಸ್ ಇಲ್ಲವೇ ಇಲ್ಲ ಅಂತಲ್ಲ, ಇನ್ನೊಂದು ಸಲ ನೋಡಿ. ಮಚ್ಚೆ ತಿಳಿಬಣ್ಣವಿದ್ದು ತುರಿಕೆಯೇ ಇಲ್ಲದಿದ್ದರೆ ಹತ್ತಿ ಮುಟ್ಟಿಸಿ ಸ್ಪರ್ಶ ಗೊತ್ತಾಗುತ್ತದೆಯಾ ಅಂತಲೂ ನೋಡಿ. ಗೊತ್ತಾಗದಿದ್ದರೆ ಕುಷ್ಠ ಇರಬಹುದು, ಅದು ಇನ್ನೂ ಪೂರ್ತಿ ಹೋಗಿಲ್ಲ.

ಹಾಗಂತ ಸ್ಟೀರಾಯ್ಡ್ ವಿಷ ಅಂತ ಊರೆಲ್ಲ ಸಾರಬೇಡಿ. ಕಾಂಗ್ರೆಸ್ ಗಿಡದ ಅಲರ್ಜಿಯಿಂದ ಮುಖ, ಕತ್ತು ದಪ್ಪಗಾಗಿ ಬರುವ ರೈತರಿಗೆ ನಾನೇ ಬರೆಯುತ್ತೇನೆ. ಇಸುಬು ಇರುವ ಮಗುವಿಗೆ ಸರಿಯಾದ ಸ್ಟೀರಾಯ್ಡ್ ಹಚ್ಚಲು ಹೆದರಿ ರಾತ್ರಿಯೆಲ್ಲ ಅಳಿಸುವ ತಾಯಂದಿರಿಗೂ ಬೈದಿದ್ದೇನೆ. ಯಾವ ರೋಗಕ್ಕೆ, ಯಾವ ಜಾಗಕ್ಕೆ, ಎಷ್ಟು ದಿನ ಅನ್ನೋದಷ್ಟೇ ಪ್ರಶ್ನೆ.

ಆ ಮನೆಯ ನಾಲ್ಕೂ ಜನರನ್ನು ಒಟ್ಟಿಗೆ ಕರೆಸಿದೆ. ಟವೆಲ್ ಬೇರೆ ಬೇರೆ, ಬಟ್ಟೆ ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ, ದಿನವಿಡೀ ಹಬೆಯಲ್ಲಿ ನಿಲ್ಲುವವರಿಗೆ ಕೆಲಸ ಮುಗಿದ ಕೂಡಲೇ ಸ್ನಾನ. ಔಷಧ ಬರೆದೆ. ಟೆರ್ಬಿನಫಿನ್ ಅನ್ನೋ ಫಂಗಸ್ ಔಷಧಕ್ಕೆ ಬಗ್ಗದ ಫಂಗಸ್ ನಮ್ಮ ದೇಶದಲ್ಲಿ ಬೇಕಾದಷ್ಟಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ನಮ್ಮ ಹೆಸರೇ ಸೇರಿಸಿ ನಾಮಕರಣವೂ ಆಗಿದೆ. ಆದ್ದರಿಂದ ಇಷ್ಟೇ ದಿನಕ್ಕೆ ವಾಸಿ ಅಂತ ಮಾತು ಕೊಡಲಿಲ್ಲ. ಮೊದಲ ವಾರ ತುರಿಕೆ ಜಾಸ್ತಿಯಾಗಬಹುದು, ನನ್ನನ್ನು ಬೈದುಕೊಳ್ಳಿ ಪರವಾಗಿಲ್ಲ, ಆದರೆ ಹಳೇದು ಹಚ್ಚಬೇಡಿ ಅಂದೆ.

ಎಲ್ಲದಕ್ಕೂ ತಲೆಯಾಡಿಸಿ ಎದ್ದರು. ಬಾಗಿಲ ತನಕ ಹೋದವರು ತಿರುಗಿ ಬಂದು ನನ್ನ ಡ್ರಾಯರ್ ಕಡೆ ನೋಡಿದರು.

'ಸಾರ್, ಆ ಟ್ಯೂಬ್... ಅದರಲ್ಲಿ ಇನ್ನೂ ಸ್ವಲ್ಪ ಇತ್ತು.'