ಅಕ್ಕನ ರುಜು

ಮೇ ತಿಂಗಳ ಕೊನೆಯಲ್ಲಿ ಇಬ್ಬರು ಸಹೋದರರು ಉಡುಪಿಯ ನನ್ನ ಚಿಕಿತ್ಸಾಲಯಕ್ಕೆ ಬಂದರು. ಮುಂಬೈಯಲ್ಲಿ ಹೋಟೆಲು ನಡೆಸುವವರು. ಊರಿನ ಮನೆಯಲ್ಲಿರುವ ಅಕ್ಕನಿಗೆ ಇಪ್ಪತ್ತೈದು ವರ್ಷಗಳಿಂದ ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆ. “ಅವಳಿಗೆ ಏನೂ ತಿಳಿಯುವುದಿಲ್ಲ ಡಾಕ್ಟರೇ. ಜಾಗ ನೋಡಲು ಬಂದವರ ಮೇಲೆ ಕೂಗಾಡುತ್ತಾಳೆ. ಎರಡು ತಿಂಗಳು ಎಲ್ಲಾದರೂ ಸೇರಿಸಬೇಕು, ಬರೆದುಕೊಡಿ” ಎಂದರು. ಅಕ್ಕನನ್ನು ನೋಡದೆ ಒಂದಕ್ಷರವನ್ನೂ ಬರೆಯಲಾರೆ ಎಂದೆ.

ಮೂರು ವಾರ ಕಳೆದು, ಮಳೆ ಹಿಡಿದ ಮೇಲೆ, ಅಕ್ಕನನ್ನು ಕರೆದುಕೊಂಡೇ ಬಂದರು. ಈ ಸಲ ಬೇಕಾಗಿದ್ದುದು ಬೇರೆ ಚೀಟಿ. ಕುಟುಂಬದ ಜಾಗದಲ್ಲಿ ತನಗಿರುವ ಪಾಲನ್ನು ತಮ್ಮಂದಿರಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕ ರುಜು ಹಾಕಬೇಕಿತ್ತು. ಹಳೆಯ ಕಾಯಿಲೆಯ ಸುದ್ದಿ ಊರಿಗೆಲ್ಲ ಗೊತ್ತಿದ್ದುದರಿಂದ, ವೈದ್ಯರ ಪ್ರಮಾಣಪತ್ರ ತಂದರೆ ಒಳ್ಳೆಯದು ಎಂದು ಪತ್ರ ಬರೆಯುವವರು ಹೇಳಿ ಕಳುಹಿಸಿದ್ದರು. “ಅಕ್ಕ ಈಗ ಆರಾಮವಾಗಿದ್ದಾಳೆ, ಎಲ್ಲವೂ ತಿಳಿಯುತ್ತದೆ. ಸ್ವಸ್ಥಚಿತ್ತಳಾಗಿದ್ದಾಳೆ ಎಂದು ಬರೆದುಕೊಡಿ.”

ಒಂದೇ ಮನೆಯವರು, ಒಂದು ತಿಂಗಳೊಳಗೆ, ಒಬ್ಬಳೇ ಹೆಂಗಸಿನ ಬಗ್ಗೆ ಎರಡು ಚೀಟಿ ಕೇಳಿದ್ದರು. ಮೊದಲನೆಯದರಲ್ಲಿ ಅವಳಿಗೆ ಏನೂ ತಿಳಿಯಬಾರದು, ಎರಡನೆಯದರಲ್ಲಿ ಎಲ್ಲವೂ ತಿಳಿಯಬೇಕು. (ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಮೂರು ನಾಲ್ಕು ಮನೆಗಳ ಸಂಗತಿ ಇಲ್ಲಿ ಒಂದಾಗಿದೆ.) ಇಂಥ ಬೇಡಿಕೆ ನಮ್ಮ ಕರಾವಳಿಯ ಮನೋವೈದ್ಯರಿಗೆ ಹೊಸದೇನಲ್ಲ. ಹೆದ್ದಾರಿ ಬದಿಯ ಜಾಗಕ್ಕೆ ಬೆಲೆ ಏರಿದಂತೆಲ್ಲ ಊರಿನಲ್ಲಿ ಉಳಿದುಕೊಂಡ ಅಕ್ಕನ, ಚಿಕ್ಕಮ್ಮನ, ಮದುವೆಯಾಗದ ಮಾವನ ರುಜುವಿಗೂ ಬೆಲೆ ಬರುತ್ತದೆ. ಅಲ್ಲಿಯವರೆಗೆ ಅವರ ಬಗ್ಗೆ ಊರಿನವರು ತುಳುವಿನಲ್ಲಿ ಆಡುತ್ತಿದ್ದ ಮಾತು ಒಂದೇ: ಮಂಡೆ ಸಮ ಇಜ್ಜಿ, ತಲೆ ಸರಿಯಿಲ್ಲ.

ಮೊದಲ ಚೀಟಿಯ ವಿಚಾರ ಮುಗಿಸಿಬಿಡುತ್ತೇನೆ. ಕೂಗಾಡುತ್ತಾಳೆ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಗೆ ಸೇರಿಸಲಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ, ರೋಗಿಯ ಒಪ್ಪಿಗೆಯಿಲ್ಲದೆ ಸೇರಿಸಬೇಕಾದರೆ ಅವರಿಂದ ಅವರ ಜೀವಕ್ಕೋ ಬೇರೆಯವರಿಗೋ ಅಪಾಯವಿರಬೇಕು, ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಪಾಯಕ್ಕೆ ಸಿಲುಕುವ ಸ್ಥಿತಿಯಿರಬೇಕು. ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ತಜ್ಞ ಅಥವಾ ವೈದ್ಯ ಬೇರೆಬೇರೆಯಾಗಿ ಪರೀಕ್ಷಿಸಿ ಅದನ್ನು ಒಪ್ಪಬೇಕು. ಹಾಗೆ ಸೇರಿಸಿದರೂ ಅವಧಿ 30 ದಿನ ಮೀರುವಂತಿಲ್ಲ. ಮೀರಬೇಕಾದರೆ ಮತ್ತೆ ಬೇರೆ ವಿಧಿವಿಧಾನಗಳಿವೆ. ರೋಗಿ ಮಹಿಳೆಯಾದರೆ ಮೂರು ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. ಈ ಅಕ್ಕ ಬೆಳಗ್ಗೆ ಎದ್ದು ಗಂಜಿ ಮಾಡಿಕೊಳ್ಳುತ್ತಿದ್ದಳು, ಬಿದ್ದ ತೆಂಗಿನಕಾಯಿ ಎಣಿಸಿ ಇಡುತ್ತಿದ್ದಳು, ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಮಾತ್ರೆ ಒಯ್ಯುತ್ತಿದ್ದಳು. ಅವಳನ್ನು ಎಲ್ಲಿಗೂ ಸೇರಿಸುವಂತಿರಲಿಲ್ಲ.

ಎರಡನೆಯ ಚೀಟಿ ಹಾಗೆ ಸುಲಭವಾಗಿ ಮುಗಿಯುವಂಥದ್ದಲ್ಲ.

ಸ್ಕಿಜೋಫ್ರೇನಿಯಾ ಇದ್ದವರು ರುಜು ಹಾಕಬಹುದೇ? ಈ ಪ್ರಶ್ನೆಯನ್ನು ವಕೀಲರು ಕೇಳುತ್ತಾರೆ, ಬ್ಯಾಂಕಿನವರು ಕೇಳುತ್ತಾರೆ, ಕೆಲವೊಮ್ಮೆ ಬೇರೆ ವಿಭಾಗದ ವೈದ್ಯರೂ ಕೇಳುತ್ತಾರೆ. ಕಾಯಿಲೆಯ ಹೆಸರಿನಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಮಾನಸಿಕ ಕಾಯಿಲೆ ಇದೆ ಎಂದು ನಿರ್ಧಾರವಾದ ಮಾತ್ರಕ್ಕೆ ವ್ಯಕ್ತಿಯನ್ನು ಅಸ್ವಸ್ಥಚಿತ್ತನೆಂದು ತಿಳಿಯಬಾರದು, ಹಾಗೆ ಘೋಷಿಸುವ ಅಧಿಕಾರ ಸಮರ್ಥ ನ್ಯಾಯಾಲಯಕ್ಕೆ ಸೇರಿದ್ದು ಎಂದು 2017ರ ಕಾಯ್ದೆಯ 3ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ. 1872ರಷ್ಟು ಹಳೆಯದಾದ ಭಾರತೀಯ ಕರಾರು ಕಾಯ್ದೆಯೂ ಈ ವಿಚಾರದಲ್ಲಿ ನಾವೆಣಿಸುವುದಕ್ಕಿಂತ ಹೆಚ್ಚು ವಿವೇಕ ತೋರಿದೆ. ಅದರ 12ನೇ ಸೆಕ್ಷನ್ ಕೇಳುವುದಿಷ್ಟೆ: ಕರಾರು ಮಾಡುವ ಹೊತ್ತಿನಲ್ಲಿ ಈ ವ್ಯಕ್ತಿಗೆ ಅದು ಅರ್ಥವಾಗುತ್ತಿತ್ತೇ? ಅದರಿಂದ ತನ್ನ ಹಿತಕ್ಕೆ ಏನಾಗುತ್ತದೆ ಎಂದು ತೂಗಿ ನೋಡಬಲ್ಲನೇ? ಸಾಮಾನ್ಯವಾಗಿ ಚಿತ್ತಸ್ವಾಸ್ಥ್ಯ ಇಲ್ಲದವರೂ ಅದು ಮರಳಿ ಬಂದ ಹೊತ್ತಿನಲ್ಲಿ ಕರಾರು ಮಾಡಬಹುದು ಎಂದೂ ಅಲ್ಲಿದೆ. ಉಯಿಲಿನ ವಿಚಾರದಲ್ಲಿ ಉತ್ತರಾಧಿಕಾರ ಕಾಯ್ದೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಇತ್ತ ನೋಂದಣಿ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಎದುರು ನಿಂತವರು ಬುದ್ಧಿ ಸ್ವಾಧೀನದಲ್ಲಿಲ್ಲದವರಂತೆ ಕಂಡರೆ ಸಬ್‌ರಿಜಿಸ್ಟ್ರಾರ್ ನೋಂದಣಿಯನ್ನು ನಿರಾಕರಿಸಬೇಕು. ಹೇಗೆ ಕಾಣಬೇಕು ಎಂದು ಯಾವ ಕಾಯ್ದೆಯೂ ವಿವರಿಸಿಲ್ಲ. ಮಾತ್ರೆಯ ಪರಿಣಾಮದಿಂದ ಕೈ ನಡುಗಿದರೂ ಸಾಕು, ಜನಕ್ಕೆ ಹಾಗೆಯೇ ಕಾಣುತ್ತದೆ. ಆ ಭಯದಿಂದಲೇ ಎಲ್ಲರೂ ವೈದ್ಯರ ಚೀಟಿಗೆ ಓಡುವುದು.

ಹಾಗಾಗಿ ಪರೀಕ್ಷೆ ಹೇಗೆ ಮಾಡುತ್ತೇವೆ ಎನ್ನುವುದೇ ಇಲ್ಲಿ ಮುಖ್ಯ. ಇಂದು ಯಾವ ವಾರ, ಪ್ರಧಾನಿ ಯಾರು, ನೂರರಿಂದ ಏಳನ್ನು ಕಳೆಯುತ್ತಾ ಹೋಗಿ ಎಂಬ ಪ್ರಶ್ನೆಗಳಿಂದ ನೆನಪು ಮತ್ತು ಗಮನ ತಿಳಿಯುತ್ತವೆಯೇ ಹೊರತು ಈ ಪತ್ರಕ್ಕೆ ರುಜು ಹಾಕುವ ಸಾಮರ್ಥ್ಯ ತಿಳಿಯುವುದಿಲ್ಲ. ಮಂಗಳೂರಿನ ಬಂದರಿನ ಕಡೆಯ ವ್ಯಾಪಾರಿಯೊಬ್ಬರು ಉನ್ಮಾದ ಏರಿದ ಸ್ಥಿತಿಯಲ್ಲಿ ಒಂದೇ ವಾರದಲ್ಲಿ ಮೂರು ಜಾಗ ಕೊಳ್ಳಲು ಮುಂಗಡ ಕೊಟ್ಟಿದ್ದರು. ಸರ್ವೆ ನಂಬರು, ಸೆಂಟ್ಸಿನ ಲೆಕ್ಕ, ಬಡ್ಡಿ ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ನನ್ನ ಯಾವ ಲೆಕ್ಕದಲ್ಲೂ ಅವರು ತಪ್ಪಲಿಲ್ಲ. ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಕ್ಕರು. ನಷ್ಟ ಎಂಬುದೊಂದಿದೆ ಎನ್ನುವುದೇ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಲಿಥಿಯಂ ಮಾತ್ರೆ ಹಿಡಿದು, ನಿದ್ದೆ ಮರಳಿ, ತಿಂಗಳ ನಂತರ ಅದೇ ಕುರ್ಚಿಯಲ್ಲಿ ಕುಳಿತು ಅವರು ತಲೆಗೆ ಕೈ ಹೊತ್ತರು. ಆ ಮುಂಗಡಗಳಿಗೆ ರುಜು ಹಾಕಿದ ವಾರ ಅವರಿಗೆ ಸಾಮರ್ಥ್ಯ ಇರಲಿಲ್ಲ ಎಂದು ನಾನು ಬರೆದುಕೊಟ್ಟೆ. ಅದೇ ಕೈಯಿಂದ, ಇಂದು ಇದೆ ಎಂದೂ ಬರೆದೆ.

ಈಗ ಅಕ್ಕನ ಕಡೆಗೆ ಬರುತ್ತೇನೆ. ತಮ್ಮಂದಿರನ್ನು ಹೊರಗೆ ಕೂರಿಸಿದೆ. ಇದು ಕಡ್ಡಾಯ, ಆಸ್ತಿಯ ವಿಷಯದಲ್ಲಿ ಲಾಭ ಪಡೆಯುವವರು ಬಾಗಿಲ ಬಳಿಯೂ ನಿಲ್ಲಬಾರದು. ಮಾತು ತುಳುವಿನಲ್ಲಿ ನಡೆಯಿತು. ಇದೂ ಕಡ್ಡಾಯ ಎಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರನ್ನು ಇಂಗ್ಲಿಷ್ ಬೆರೆತ ಆಸ್ಪತ್ರೆಯ ಕನ್ನಡದಲ್ಲಿ ಪ್ರಶ್ನಿಸಿ, ಉತ್ತರ ತಡವಾದರೆ ‘ಅರ್ಥವಾಗುತ್ತಿಲ್ಲ’ ಎಂದು ಬರೆಯುವುದನ್ನು ನಾನು ನೋಡಿದ್ದೇನೆ. ಅರ್ಥವಾಗದಿದ್ದುದು ನಮ್ಮ ಭಾಷೆ.

ಸಂಜೆಯ ಹೊತ್ತು ಬಾವಿಯ ಆಚೆಯಿಂದ ಈಗಲೂ ಒಬ್ಬರ ಮಾತು ಕೇಳಿಸುತ್ತದೆ ಎಂದಳು. ಅದೇನೂ ಹೊಸತಲ್ಲ, ಮಾತ್ರೆಯಿಂದ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆ ಧ್ವನಿ ಜಾಗದ ವಿಚಾರ ಏನಾದರೂ ಹೇಳುತ್ತದೆಯೇ ಎಂದು ಕೇಳಿದೆ. ಇಲ್ಲ, ಅಡುಗೆಯ ವಿಷಯ ಮಾತ್ರ ಹೇಳುತ್ತದೆ ಎಂದಳು. ಆಮೇಲೆ ಪತ್ರದ ಕರಡನ್ನು ಓದಿ ಹೇಳಿದೆ. ಎಷ್ಟು ಜಾಗ, ಯಾವ ಗದ್ದೆ, ಬಾವಿ ಯಾರ ಕಾಲದ್ದು ಎಲ್ಲವೂ ಅವಳಿಗೆ ಗೊತ್ತಿತ್ತು. ರುಜು ಹಾಕಿದರೆ ಏನಾಗುತ್ತದೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸೀರೆಯ ಸೆರಗು ಮಡಚುತ್ತಾ ಕುಳಿತಳು. “ಜಾಗ ತಮ್ಮಂದಿರಿಗೆ ಆಗುತ್ತದೆ. ಮಾರುತ್ತಾರೆ. ನಾನು ಎಲ್ಲಿರುವುದು ಎಂದು ಅವರು ಹೇಳಲಿಲ್ಲ. ಬನದ ನಾಗನಿಗೆ ಹಾಲಿನ ತನು ಎರೆಯುವವರು ಯಾರು ಎಂದೂ ಹೇಳಲಿಲ್ಲ.”

ಧ್ವನಿ ಕೇಳುವ ಹೆಂಗಸು ಇವಳು. ಆದರೆ ಈ ಪತ್ರದ ವಿಷಯದಲ್ಲಿ ಇವಳಷ್ಟು ಸ್ಪಷ್ಟವಾಗಿ ಯೋಚಿಸಿದವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಾಮರ್ಥ್ಯ ಇದೆ ಎಂದು ನನಗೆ ಖಚಿತವಾಯಿತು. ರುಜು ಹಾಕುವ ಸಾಮರ್ಥ್ಯ ಇರುವವಳಿಗೆ ಹಾಕುವುದಿಲ್ಲ ಎನ್ನುವ ಹಕ್ಕೂ ಇರುತ್ತದೆ. ಈ ಮಾತನ್ನು ತಮ್ಮಂದಿರಿಗೆ ಹೇಳಿದಾಗ ದೊಡ್ಡವರ ಮುಖ ಕೆಂಪಾಯಿತು. ಸರಿಯಿಲ್ಲ ಎಂದಾದರೆ ಸರಿಯಿಲ್ಲ ಎಂದೇ ಬರೆದುಕೊಡಿ, ನಾವೇ ಅವಳ ಪರವಾಗಿ ರುಜು ಹಾಕುತ್ತೇವೆ ಎಂದರು.

ಅದೂ ಆಗದು. ನಮ್ಮಲ್ಲಿ ಬಹಳ ಜನ ತಪ್ಪು ತಿಳಿದಿರುವುದು ಇಲ್ಲಿಯೇ. ಒಡಹುಟ್ಟಿದವರು, ಗಂಡ, ತಾಯಿ ಯಾರೇ ಆದರೂ ಬಂಧುತ್ವದ ಬಲದಿಂದಷ್ಟೇ ವಯಸ್ಕರೊಬ್ಬರ ಆಸ್ತಿಗೆ ರುಜು ಹಾಕಲಾರರು. 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಒಂದು ಅಧ್ಯಾಯವೇ ಇತ್ತು. 2017ರ ಕಾಯ್ದೆಯಲ್ಲಿ ಅದು ಇಲ್ಲ. ಅದರ 4ನೇ ಸೆಕ್ಷನ್ ಹೇಳುವ ಸಾಮರ್ಥ್ಯ ಚಿಕಿತ್ಸೆಯ ನಿರ್ಧಾರಕ್ಕೆ ಸಂಬಂಧಿಸಿದ್ದು, ಆಸ್ತಿಯದ್ದಲ್ಲ. ನಿಜವಾಗಿಯೂ ನಿರ್ಧಾರ ಮಾಡಲಾಗದ ಸ್ಥಿತಿಯಲ್ಲಿ ಇರುವವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಸೀಮಿತ ಪೋಷಕತ್ವದ ದಾರಿಯಿದೆ. ಅಲ್ಲಿಯೂ ಪೋಷಕ ಆ ವ್ಯಕ್ತಿಯ ಜೊತೆ ಸಮಾಲೋಚಿಸಿ, ಅವರ ಇಚ್ಛೆಗೆ ಅನುಗುಣವಾಗಿ, ಗೊತ್ತುಪಡಿಸಿದ ನಿರ್ಧಾರಕ್ಕೆ, ಗೊತ್ತುಪಡಿಸಿದ ಅವಧಿಗೆ ಮಾತ್ರ ಜೊತೆ ನಿಲ್ಲಬೇಕು. ಇನ್ನು ಕಾಯಿಲೆಯವಳಿಗೆ ಪಾಲೇ ಇಲ್ಲ ಎನ್ನುವವರಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಉತ್ತರ: ಯಾವ ಕಾಯಿಲೆಯಾಗಲಿ, ಅಂಗದ ಊನವಾಗಲಿ ವಾರಸುದಾರಿಕೆಗೆ ಅಡ್ಡಿಯಾಗದು.

ಅಳಿಯಸಂತಾನ ನಡೆದ ನೆಲ ನಮ್ಮದು. ಕುಟುಂಬ, ಅದರ ಕವಲಾದ ಕವರು ಎಂದು ಹೆಣ್ಣಿನ ಕಡೆಯಿಂದ ಆಸ್ತಿಯ ಎಳೆ ಹಿಡಿದ ಸಮುದಾಯಗಳ ಮನೆಯಲ್ಲೇ ಕಾಯಿಲೆ ಬಂದ ಹೆಣ್ಣುಮಗಳನ್ನು ಪಾಲಿನ ಲೆಕ್ಕದಿಂದ ಮೆಲ್ಲನೆ ಹೊರಗಿಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಾಗೆಂದು ಈ ತಮ್ಮಂದಿರನ್ನು ಕೆಟ್ಟವರು ಎನ್ನಲು ನನ್ನಿಂದಾಗದು. ಇಪ್ಪತ್ತೈದು ವರ್ಷ ಮಾತ್ರೆಯ ಹಣ ಬಂದದ್ದು ಅವರ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ. ಮೊದಮೊದಲು ಅಷ್ಟಮಂಗಲ ಪ್ರಶ್ನೆ ಇರಿಸಿದ್ದು, ಆಶ್ಲೇಷಾ ಬಲಿ ಮಾಡಿಸಿದ್ದು, ಆಮೇಲೆ ರಾತ್ರಿ ಬಸ್ಸು ಹಿಡಿದು ಬಂದು ಆಸ್ಪತ್ರೆಯ ಜಗಲಿಯಲ್ಲಿ ಮಲಗಿದ್ದು ಎಲ್ಲವೂ ಅವರೇ. ಆರೋಗ್ಯ ವಿಮೆಯವರು ಮನಸ್ಸಿನ ಕಾಯಿಲೆಗೆ ಹಣವಿಲ್ಲ ಎಂದು ಅರ್ಜಿಯನ್ನು ಹಿಂದಕ್ಕೆ ಕಳುಹಿಸಿದಾಗ ಸಾಲ ಮಾಡಿದ್ದರು. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ವಿಮೆ ಇರಬೇಕು ಎಂದು ಈಗಿನ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆ ಸಾಲ ಮಾಡಿದಾಗ ಈ ಕಾಯ್ದೆ ಇನ್ನೂ ಬಂದಿರಲಿಲ್ಲ. ಚಿಕ್ಕ ತಮ್ಮನ ಮಗಳ ಮದುವೆ ಹತ್ತಿರ ಬಂದಿತ್ತು. ಸಮುದಾಯದಲ್ಲಿ ಬದುಕುವ ಹಕ್ಕು ಅಕ್ಕನಿಗಿದೆ ಎಂದು 19ನೇ ಸೆಕ್ಷನ್ ಬರೆದಿದೆ ನಿಜ, ಅವಳನ್ನು ನೋಡಿಕೊಳ್ಳುವ ಕೈಗಳನ್ನು ಸರಕಾರ ಇನ್ನೂ ಸಾಕಷ್ಟು ಒದಗಿಸಿಲ್ಲ. ಆ ಭಾರ ಹೊತ್ತವರು ದಣಿದು ಅಡ್ಡದಾರಿ ಹುಡುಕಿದಾಗ ಅವರಿಗೆ ಕಾಯ್ದೆ ಓದಿ ಹೇಳಿ ಕಳುಹಿಸಿದರೆ ನನ್ನ ಕೆಲಸ ಮುಗಿಯಿತು ಎಂದುಕೊಳ್ಳಲಾರೆ. ದುಡಿದವರೂ ಸೋತಿದ್ದಾರೆ, ಅವರಿಗೂ ಮಾತಾಡಲು ಯಾರಾದರೂ ಬೇಕು. ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕಾಯಿಲೆಯವರಿಗೆ ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇದೆ.

ಮೂವರನ್ನೂ ಒಟ್ಟಿಗೆ ಕೂರಿಸಿದೆ. ಅಕ್ಕ ಹೇಳಿದ ಎರಡು ಮಾತನ್ನು, ಅವಳ ಒಪ್ಪಿಗೆ ಪಡೆದು, ಅವರ ಮುಂದೆ ಇಟ್ಟೆ. ಪತ್ರದಲ್ಲಿ ಮನೆಯ ಒಂದು ಭಾಗ, ಬಾವಿ, ನಾಗಬನ ಅವಳ ಹೆಸರಿನಲ್ಲಿ ಉಳಿದರೆ ಹೇಗೆ ಎಂದು ಚಿಕ್ಕ ತಮ್ಮನೇ ಕೇಳಿದರು. ಅದು ವಕೀಲರ ಕೆಲಸ, ಅವರನ್ನು ಕೇಳಿ ಎಂದೆ. ಅಕ್ಕನಿಗೆ ಬೇರೆ ವಕೀಲರಿದ್ದರೆ ಒಳ್ಳೆಯದು ಎಂದೂ ಸೇರಿಸಿದೆ.

ಹೊರಡುವ ಮುಂಚೆ ಇನ್ನೊಂದು ಕೆಲಸ ಆಯಿತು. ಮುಂದೆಂದಾದರೂ ಕಾಯಿಲೆ ಹೆಚ್ಚಾಗಿ ತನ್ನ ಚಿಕಿತ್ಸೆಯ ಬಗ್ಗೆ ತಾನೇ ಹೇಳಲಾಗದಿದ್ದರೆ ಜೊತೆಗೆ ಯಾರು ನಿಲ್ಲಬೇಕು ಎಂದು ಪ್ರತಿಯೊಬ್ಬ ವಯಸ್ಕರೂ ಮೊದಲೇ ಸೂಚಿಸಬಹುದು. ಕಾನೂನು ಅವರನ್ನು ನಾಮನಿರ್ದೇಶಿತ ಪ್ರತಿನಿಧಿ ಎಂದು ಕರೆಯುತ್ತದೆ. ಛಾಪಾ ಕಾಗದ ಬೇಡ, ನೋಟರಿ ಬೇಡ. ಬಿಳಿ ಹಾಳೆಯ ಮೇಲೆ ಬರೆದು ರುಜುವನ್ನೋ ಹೆಬ್ಬೆಟ್ಟನ್ನೋ ಒತ್ತಿದರೆ ಸಾಕು, ಮನಸ್ಸು ಬದಲಾದರೆ ಹೆಸರನ್ನೂ ಬದಲಿಸಬಹುದು. ಇದನ್ನು ಇಷ್ಟು ವರ್ಷ ಅವಳಿಗೆ ಹೇಳದೆ ಇದ್ದುದು ನನ್ನ ತಪ್ಪು. ಅಕ್ಕ ಬರೆದದ್ದು ತಮ್ಮಂದಿರ ಹೆಸರನ್ನಲ್ಲ, ಪಕ್ಕದ ಮನೆಯ ಬಾಯಮ್ಮನ ಹೆಸರನ್ನು. ಜ್ವರ ಬಂದರೆ ಗಂಜಿ ತಂದುಕೊಡುವವರು ಅವರೇ ಎಂದಳು. ತಮ್ಮಂದಿರು ಸುಮ್ಮನಿದ್ದರು. ಬಾಯಮ್ಮ ಮರುವಾರ ಬಂದು ಒಪ್ಪಿಗೆಯ ರುಜು ಹಾಕಿದರು.

ಶ್ರಾವಣದಲ್ಲಿ ಹೊಸ ಕರಡು ಬಂತು. ಮೊದಲ ಸಲ ಕೇಳಿದ ಪ್ರಶ್ನೆಗಳನ್ನೇ ಮತ್ತೆ ಕೇಳಿದೆ, ಕೇಳಲೇಬೇಕು; ಜೂನ್ ತಿಂಗಳ ಉತ್ತರ ಆಗಸ್ಟ್‌ನ ಪತ್ರಕ್ಕೆ ಸಲ್ಲುವುದಿಲ್ಲ. ಪ್ರಮಾಣಪತ್ರದಲ್ಲಿ ಈ ದಿನಾಂಕ, ಈ ಪತ್ರ ಎಂದು ಮಾತ್ರ ಬರೆಯುತ್ತೇನೆ. ‘ಸ್ವಸ್ಥಚಿತ್ತಳು’ ಎಂದು ಮುಗಿಸಿಬಿಡದೆ ಅವಳ ಮಾತುಗಳನ್ನು ಅವಳು ಆಡಿದಂತೆಯೇ ಕಡತದಲ್ಲಿ ದಾಖಲಿಸುತ್ತೇನೆ. ಮನೆಯ ಎರಡು ಕೋಣೆ, ಬಾವಿ, ಬನ ಎಲ್ಲ ಅವಳ ಹೆಸರಿಗೆ ಇದ್ದವು. ನಾನು ಓದಿ ಮುಗಿಸಿದೆ. ಅಕ್ಕ ನಕ್ಷೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬೆರಳಿಟ್ಟು ನೋಡಿದಳು.

“ಇದರಲ್ಲಿ ದಾರಿ ಬರೆದಿಲ್ಲ. ಮುಂದಿನ ಜಾಗ ಮಾರಿದ ಮೇಲೆ ನಾನು ರಸ್ತೆಗೆ ಹೋಗುವುದು ಎಲ್ಲಿಂದ?”

ಅದನ್ನು ವಕೀಲರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕರಡು ಮತ್ತೆ ಹಿಂದಕ್ಕೆ ಹೋಯಿತು.