ತೂಕ ಉಳಿಯಿತು, ಬೆಳ್ಳಿ ಹೋಯಿತು: 1696ರ ಇಂಗ್ಲಿಷ್ ನಾಣ್ಯ ಸುಧಾರಣೆಯ ಹಿನ್ನೆಲೆ

1695ರ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಲಂಡನ್ನಿನ ಸರ್ಕಾರಿ ಖಜಾನೆಗೆ ಬಂದ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ನೂರು ನೂರು ಪೌಂಡಿನ 572 ಚೀಲಗಳನ್ನು ತಕ್ಕಡಿಗೆ ಹಾಕಿ ನೋಡಲಾಯಿತು. ಒಟ್ಟು ಮುಖಬೆಲೆ 57,200 ಪೌಂಡ್. ಕಾನೂನಿನ ಪ್ರಕಾರ ಅಷ್ಟು ನಾಣ್ಯ 18,450 ಟ್ರಾಯ್ ಪೌಂಡ್ ತೂಗಬೇಕಿತ್ತು. ತೂಗಿದ್ದು 9,480 ಮಾತ್ರ. (ಹಣದ ಪೌಂಡ್ ಬೇರೆ, ತೂಕದ ಪೌಂಡ್ ಬೇರೆ. ಟ್ರಾಯ್ ಪೌಂಡ್ ಎಂದರೆ 12 ಔನ್ಸ್, ಸುಮಾರು 373 ಗ್ರಾಂ. ಹಣದ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್.) ದೇಶದ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಬೆಳ್ಳಿಯೇ ಇರಲಿಲ್ಲ. ಈ ಲೆಕ್ಕ ತೆಗೆಸಿದವರು ಖಜಾನೆಯ ಕಾರ್ಯದರ್ಶಿ ವಿಲಿಯಂ ಲೌಂಡ್ಸ್.

ಅರ್ಧ ಬೆಳ್ಳಿ ಎಲ್ಲಿಗೆ ಹೋಯಿತು ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. 1662ರವರೆಗೆ ಇಂಗ್ಲೆಂಡಿನ ನಾಣ್ಯಗಳನ್ನು ಕೈಯಿಂದ ಬಡಿದೇ ಮಾಡುತ್ತಿದ್ದರು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ, ಮೇಲಿಂದ ಸುತ್ತಿಗೆಯ ಏಟು. ಹೀಗೆ ಮಾಡಿದ ನಾಣ್ಯ ಪೂರ್ತಿ ದುಂಡಗಿರುವುದಿಲ್ಲ, ಚಿತ್ರ ನಟ್ಟನಡುವೆ ಕೂರುವುದಿಲ್ಲ, ಅಂಚಿಗೆ ಯಾವ ಗುರುತೂ ಇರುವುದಿಲ್ಲ. ಆದ್ದರಿಂದ ಕತ್ತರಿಯಿಂದ ಅಂಚನ್ನು ಹೆರೆದು ಅರದಿಂದ ನಯ ಮಾಡಿಬಿಟ್ಟರೆ ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಶಿಲ್ಲಿಂಗಿನ ಕಾನೂನುಬದ್ಧ ತೂಕ ಸುಮಾರು 6 ಗ್ರಾಂ. ಆರು ಶಿಲ್ಲಿಂಗ್‌ಗಳಿಂದ ತಲಾ ಒಂದು ಗ್ರಾಂ ಹೆರೆದರೆ ಏಳನೆಯದಕ್ಕಾಗುವಷ್ಟು ಬೆಳ್ಳಿ ಕೈಗೆ ಬರುತ್ತದೆ, ಆ ಆರೂ ಸಂತೆಯಲ್ಲಿ ಪೂರ್ಣ ಬೆಲೆಗೇ ಓಡುತ್ತವೆ. ಹೆರೆದ ಚೂರುಗಳನ್ನು ಕರಗಿಸಿ ಗಟ್ಟಿ ಮಾಡಿ ಚಿನಿವಾರರಿಗೆ ಮಾರುತ್ತಿದ್ದರು.

ಇದು ರಾಜದ್ರೋಹವೆಂದು ಕಾನೂನು ಹೇಳುತ್ತಿತ್ತು. ಗಂಡಸರಿಗೆ ಗಲ್ಲು, ಹೆಂಗಸರಿಗೆ ಸುಡುವ ಶಿಕ್ಷೆ. 1695ರ ಒಂದು ಕಾಯ್ದೆ ಅಪರಾಧಿಯನ್ನು ಹಿಡಿಸಿಕೊಟ್ಟವರಿಗೆ 40 ಪೌಂಡ್ ಬಹುಮಾನವನ್ನೂ ಇಟ್ಟಿತು. ಆದರೂ ಕತ್ತರಿ ನಿಲ್ಲಲಿಲ್ಲ. ನೆರೆಹೊರೆಯವರು ಇದನ್ನು ಕೊಲೆ, ದರೋಡೆಯಂಥ ಪಾಪವೆಂದು ಎಣಿಸುತ್ತಿರಲಿಲ್ಲ, ಜ್ಯೂರಿಗಳೂ ಶಿಕ್ಷೆ ಕೊಡಲು ಹಿಂಜರಿಯುತ್ತಿದ್ದರು.

ತಾಂತ್ರಿಕ ಪರಿಹಾರ ಆಗಲೇ ಕೈಯಲ್ಲಿತ್ತು ಎಂಬುದು ಸೋಜಿಗ. ಫ್ರಾನ್ಸಿನಿಂದ ಬಂದ ಪೀಟರ್ ಬ್ಲಾಂಡೋ ತಂದ ಯಂತ್ರಗಳಿಂದ 1662–63ರಲ್ಲೇ ಹೊಸ ಬಗೆಯ ನಾಣ್ಯ ಶುರುವಾಗಿತ್ತು. ಕುದುರೆಗಳು ತಿರುಗಿಸುವ ಉರುಳೆಗಳ ನಡುವೆ ಬೆಳ್ಳಿಯ ಪಟ್ಟಿ ಸಮ ದಪ್ಪಕ್ಕೆ ಬರುತ್ತಿತ್ತು. ಅದರಿಂದ ಬಿಲ್ಲೆ ಕತ್ತರಿಸಿ, ತೂಗಿ, ಹೆಚ್ಚಾದರೆ ಅರದಿಂದ ಉಜ್ಜಿ, ಕಾಯಿಸಿ ಮೆದು ಮಾಡಿ, ಬೆಳ್ಳಗಾಗಿಸಿ, ಅಂಚಿಗೆ ಅಕ್ಷರವನ್ನೋ ಗೀರುಗಳನ್ನೋ ಮೂಡಿಸಿ, ಕೊನೆಗೆ ತಿರುಪಿನ ಒತ್ತುಯಂತ್ರಕ್ಕೆ ಕೊಡುತ್ತಿದ್ದರು. ಐದು ಶಿಲ್ಲಿಂಗಿನ ಕ್ರೌನ್ ನಾಣ್ಯದ ಅಂಚಿನಲ್ಲಿ ‘ಅಲಂಕಾರವೂ ಹೌದು, ರಕ್ಷೆಯೂ ಹೌದು’ ಎಂಬರ್ಥದ ಲ್ಯಾಟಿನ್ ಸಾಲಿರುತ್ತಿತ್ತು. ಅಂಚು ಮೂಡಿಸುವ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಹೊರಗೆ ಹೇಳುವುದಿಲ್ಲವೆಂದು ಕೆಲಸಗಾರರು ಪ್ರಮಾಣ ಮಾಡಬೇಕಿತ್ತು.

ಇಂಥ ನಾಣ್ಯದ ಅಂಚಿಗೆ ಕತ್ತರಿ ಹಾಕಲಾಗದು. ಆದರೆ ಹಳೆಯ ನಾಣ್ಯವನ್ನು ಹಿಂದಕ್ಕೆ ಪಡೆಯದೆ ಹೊಸದನ್ನು ಬಿಟ್ಟದ್ದೇ ತಪ್ಪಾಯಿತು. ಸವೆದ ಶಿಲ್ಲಿಂಗಿಗೂ ತುಂಬು ತೂಕದ ಶಿಲ್ಲಿಂಗಿಗೂ ಅಂಗಡಿಯಲ್ಲಿ ಒಂದೇ ಬೆಲೆ ಎಂದಾದಾಗ ತೂಕದ್ದನ್ನು ಯಾರು ಖರ್ಚು ಮಾಡುತ್ತಾರೆ? ಅದು ಕರಗಿಸುವ ಮೂಸೆಗೆ ಹೋಯಿತು.

ಅದನ್ನು ಸಲೀಸು ಮಾಡಿದ್ದು ಎರಡು ಕಾನೂನುಗಳು. 1663ರ ಕಾಯ್ದೆ ವಿದೇಶಿ ನಾಣ್ಯ ಮತ್ತು ಗಟ್ಟಿಯನ್ನು (ನಾಣ್ಯವಾಗದ ಬೆಳ್ಳಿ, ಚಿನ್ನವನ್ನು) ಹೊರಕ್ಕೆ ಸಾಗಿಸಲು ಬಿಟ್ಟಿತು, ಇಂಗ್ಲಿಷ್ ನಾಣ್ಯಕ್ಕೆ ಮಾತ್ರ ತಡೆ ಹಾಕಿತು. ಕರಗಿದ ಬೆಳ್ಳಿ ಯಾವ ದೇಶದ್ದೆಂದು ಹೇಳಲು ಗುರುತಿಲ್ಲ, ಸುಳ್ಳು ಪ್ರಮಾಣಕ್ಕೆ ಜನ ಸಿಗುತ್ತಿದ್ದರು. 1666ರ ಕಾಯ್ದೆ ಟಂಕಸಾಲೆಯ ಕೂಲಿಯನ್ನೇ ತೆಗೆದುಹಾಕಿತು. ಬೆಳ್ಳಿ ತಂದುಕೊಟ್ಟವರಿಗೆ ಅಷ್ಟೇ ತೂಕದ ನಾಣ್ಯ ಬಿಟ್ಟಿಯಾಗಿ ಸಿಗುತ್ತಿತ್ತು. ಕೇಳಲು ಉದಾರವಾಗಿದೆ. ಆದರೆ ನಾಣ್ಯ ಮಾಡಿಸಲು ಖರ್ಚೇ ಇಲ್ಲದಿದ್ದರೆ ಅದನ್ನು ಕರಗಿಸಲು ಅಳುಕೂ ಇರುವುದಿಲ್ಲ. ಗಟ್ಟಿಯ ಬೆಲೆ ನಾಣ್ಯದ ಬೆಲೆಗಿಂತ ಒಂದು ಕೂದಲೆಳೆ ಮೇಲೇರಿದರೂ ಮೂಸೆ ಒಲೆಗೇರುತ್ತದೆ.

1695ರಲ್ಲಿ ಆ ಅಂತರ ಕೂದಲೆಳೆಯಷ್ಟಿರಲಿಲ್ಲ. 1601ರಿಂದ ಒಂದು ಟ್ರಾಯ್ ಪೌಂಡ್ ಸ್ಟರ್ಲಿಂಗ್ ಬೆಳ್ಳಿಗೆ, ಅಂದರೆ ಶೇ 92.5 ಶುದ್ಧತೆಯ ಬೆಳ್ಳಿಗೆ, 62 ಶಿಲ್ಲಿಂಗ್ ಎಂಬುದು ನಿಯಮ. ಹಾಗಾಗಿ ಔನ್ಸಿಗೆ 5 ಶಿಲ್ಲಿಂಗ್ 2 ಪೆನ್ಸ್. ಪೇಟೆಯಲ್ಲಿ ಔನ್ಸಿನ ಬೆಲೆ 6 ಶಿಲ್ಲಿಂಗ್ 5 ಪೆನ್ಸ್ ಮುಟ್ಟಿತು. ತುಂಬು ತೂಕದ ಕ್ರೌನನ್ನು ಕರಗಿಸಿದರೆ 5 ಶಿಲ್ಲಿಂಗಿನ ಬದಲು 6 ಶಿಲ್ಲಿಂಗ್ ಎರಡೂವರೆ ಪೆನ್ಸ್ ಸಿಗುತ್ತಿತ್ತು. ಫ್ರಾನ್ಸಿನ ಮೇಲೆ ಯುದ್ಧ ನಡೆದಿತ್ತು, ಫ್ಲಾಂಡರ್ಸ್‌ನಲ್ಲಿದ್ದ ಮೂರನೆಯ ವಿಲಿಯಂನ ಸೈನ್ಯಕ್ಕೆ ಹಣ ಕಳಿಸಲೇಬೇಕಿತ್ತು, ಅಲ್ಲಿ ಯಾರೂ ಇಂಗ್ಲೆಂಡಿನ ಮುಖಬೆಲೆಗೆ ಮರ್ಯಾದೆ ಕೊಡುವುದಿಲ್ಲ, ತೂಗಿಯೇ ತೆಗೆದುಕೊಳ್ಳುವುದು. ಜನ ಬೆಳ್ಳಿ ನಾಣ್ಯವನ್ನು ನಂಬದೆ ಚಿನ್ನದ ಕಡೆ ಓಡಿದರು. 20 ಶಿಲ್ಲಿಂಗಿನ ಚಿನ್ನದ ನಾಣ್ಯವೆಂದು ಹುಟ್ಟಿದ ಗಿನಿ 30 ಶಿಲ್ಲಿಂಗಿಗೆ ಏರಿತು.

ಹೊಸದಾಗಿ ಅಚ್ಚು ಹಾಕಿಸಬೇಕು ಎಂಬುದರಲ್ಲಿ ಹೆಚ್ಚಿನವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಜಗಳ ಯಾವ ತೂಕಕ್ಕೆ ಎಂಬುದರ ಮೇಲೆ. ಲೌಂಡ್ಸ್ ಹೇಳಿದ್ದು: ಪೇಟೆ ಈಗಾಗಲೇ ತೀರ್ಪು ಕೊಟ್ಟಿದೆ, ಕ್ರೌನನ್ನು 6 ಶಿಲ್ಲಿಂಗ್ 3 ಪೆನ್ಸ್ ಎಂದು ಕರೆಯೋಣ, ಹೊಸ ಶಿಲ್ಲಿಂಗಿನಲ್ಲಿ ಐದನೇ ಒಂದು ಭಾಗ ಬೆಳ್ಳಿ ಕಡಿಮೆ ಇರಲಿ. ಮೇಲಿನ ಲೆಕ್ಕದ ಎರಡೂವರೆ ಪೆನ್ಸಿಗೆ ಅರ್ಧ ಪೆನ್ನಿ ಸೇರಿಸಿದರೆ ಅವರ ಅಂಕಿ ಎಲ್ಲಿಂದ ಬಂತೆಂದು ಕಾಣುತ್ತದೆ: ಕರಗಿಸುವುದರಲ್ಲಿ ಲಾಭವೇ ಉಳಿಯಬಾರದು. ಸರ್ಕಾರ ಅಭಿಪ್ರಾಯ ಕೇಳಿದವರಲ್ಲಿ ಐಸಾಕ್ ನ್ಯೂಟನ್ ಕೂಡ ಇದ್ದರು. ಮುಖಬೆಲೆ ಏರಿಸುವುದಕ್ಕೆ ಅವರೂ ಒಪ್ಪಿದ್ದರು.

ವಿರುದ್ಧ ನಿಂತವರು ತತ್ತ್ವಜ್ಞಾನಿ ಜಾನ್ ಲಾಕ್. ಅವರ ವಾದ ನೇರ: ಒಂದು ಔನ್ಸ್ ಬೆಳ್ಳಿ ಇನ್ನೊಂದು ಔನ್ಸ್ ಬೆಳ್ಳಿಗೆ ಯಾವತ್ತೂ ಸಮ. ಗಟ್ಟಿಗೆ 6 ಶಿಲ್ಲಿಂಗ್ 5 ಪೆನ್ಸ್ ಎಂದು ಕೇಳುತ್ತಿರುವುದು ಕತ್ತರಿಸಿದ ಶಿಲ್ಲಿಂಗ್‌ಗಳಲ್ಲಿ. ತುಂಬು ತೂಕದ ಶಿಲ್ಲಿಂಗ್ ಮತ್ತೆ ಬಂದರೆ ಗಟ್ಟಿಯ ಬೆಲೆ ತಾನಾಗಿ 5 ಶಿಲ್ಲಿಂಗ್ 2 ಪೆನ್ಸಿಗೆ ಇಳಿಯುತ್ತದೆ. ಅಲ್ಲದೆ, ನಾಣ್ಯವನ್ನು ಹಗುರ ಮಾಡುವುದೆಂದರೆ ಸಾಲ ಕೊಟ್ಟವನಿಗೂ ಗೇಣಿ ಪಡೆಯುವವನಿಗೂ ಸರ್ಕಾರವೇ ನಿಂತು ಐದರಲ್ಲಿ ಒಂದು ಪಾಲು ಮೋಸ ಮಾಡಿದಂತೆ. ಎಂಟನೆಯ ಹೆನ್ರಿಯ ಕಾಲ ಜನರಿಗೆ ಮರೆತಿರಲಿಲ್ಲ. 1544ರಿಂದ ಶುರುವಾದ ಕಲಬೆರಕೆ 1551ರ ಹೊತ್ತಿಗೆ ನಾಣ್ಯದ ಬೆಳ್ಳಿಯನ್ನು ಕಾಲುಭಾಗಕ್ಕೆ ಇಳಿಸಿತ್ತು. ಅದನ್ನು ಸರಿಪಡಿಸಲು ಎಲಿಜಬೆತ್ 1560–61ರಲ್ಲಿ ಎಲ್ಲವನ್ನೂ ಮರಳಿ ಅಚ್ಚು ಹಾಕಿಸಬೇಕಾಯಿತು.

ಲಾಕ್ ಮಾತಿನಲ್ಲಿ ಅರ್ಧ ಸತ್ಯವಿದೆ, ಅದೇ ತೊಂದರೆ. ಪೇಟೆ ಬೆಲೆ ಏರಿದ್ದರಲ್ಲಿ ಕತ್ತರಿಯ ಪಾಲೂ ಇತ್ತು, ಯುದ್ಧಕ್ಕೆ ಹೊರಹೋಗುವ ಬೆಳ್ಳಿಯ ಬೇಡಿಕೆಯ ಪಾಲೂ ಇತ್ತು. ಇಷ್ಟಕ್ಕೂ ಬೆಳ್ಳಿ ಅರ್ಧದಷ್ಟು ಹೋಗಿದ್ದರೂ ಗಟ್ಟಿಯ ಬೆಲೆ ಏರಿದ್ದು ಕಾಲುಭಾಗ ಮಾತ್ರ. ನಾಣ್ಯ ಲೋಹದ ತೂಕದಿಂದಷ್ಟೇ ನಡೆಯುವುದಿಲ್ಲ, ತೆರಿಗೆಗೆ ಒಪ್ಪುತ್ತಾರೆ ಎಂಬ ನಂಬಿಕೆಯಿಂದಲೂ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ. ಆರ್ಥಿಕ ವಿಷಯಗಳ ಲೇಖಕ ನಿಕೊಲಸ್ ಬಾರ್ಬನ್ 1696ರಲ್ಲಿ ಲಾಕ್‌ಗೆ ಬರೆದ ಉತ್ತರದ ತಿರುಳೂ ಇದೇ ಆಗಿತ್ತು. ಆದರೆ ಪಾರ್ಲಿಮೆಂಟ್ ಲಾಕ್ ಪರ ವಾಲಿತು. ಹಳೆಯ ತೂಕ ಹಾಗೇ ಉಳಿಯಿತು.

ಜಾರಿಗೆ ತಂದ ರೀತಿ ಬಡವರ ಹೊಟ್ಟೆಯ ಮೇಲೆ ಹೊಡೆಯಿತು. 1696ರ ಜನವರಿಯ ಕಾಯ್ದೆಯ ಪ್ರಕಾರ ಕತ್ತರಿಸಿದ ನಾಣ್ಯವನ್ನು ತೆರಿಗೆಗೆ ಮುಖಬೆಲೆಯಲ್ಲಿ ಒಪ್ಪುವುದು ಮೇ 4ರವರೆಗೆ. ಕಟ್ಟಲು ತೆರಿಗೆ ಇದ್ದವರು, ಖಜಾನೆಗೆ ಸಾಲ ಕೊಡಬಲ್ಲವರು ತಮ್ಮ ಕಸವನ್ನೆಲ್ಲ ಅಲ್ಲಿಗೆ ತಳ್ಳಿ ಪೂರ್ತಿ ಬೆಲೆ ಪಡೆದರು. ಹಳ್ಳಿಯ ಕೂಲಿಯವನಿಗೆ ಅಂಥ ದಾರಿ ಎಲ್ಲಿಂದ? ಅವನ ಕೈಯಲ್ಲಿದ್ದುದು ಮೇ 5ರಂದು ಬರೀ ಬೆಳ್ಳಿ ಚೂರು. ಕಡೇ ದಿನವನ್ನು ಮುಂಚೆಯೇ ಸಾರಿದ್ದರಿಂದ ಕತ್ತರಿಯವರಿಗೂ ಕೊನೆಯದೊಂದು ಸುಗ್ಗಿ ಸಿಕ್ಕಿತು: ಹೇಗೂ ಪೂರ್ಣ ಬೆಲೆಗೆ ತೆಗೆದುಕೊಳ್ಳುತ್ತಾರೆ, ಇನ್ನಷ್ಟು ಹೆರೆಯಲು ಏನಡ್ಡಿ? ಇದನ್ನು ತಡೆಯಲು ಒಂದು ಜಾಣ ಉಪಾಯವೂ ಕಾಯ್ದೆಯಲ್ಲಿತ್ತು. ಕತ್ತರಿ ತಾಗದ ಹಳೆಯ ನಾಣ್ಯ ಇಟ್ಟುಕೊಂಡವರು ಅದರ ನಡುಭಾಗದಲ್ಲಿ ಒಂದು ತೂತು ಹೊಡೆಸಬೇಕು. ತೂತಿನ ನಾಣ್ಯದ ಅಂಚು ಹೋಗಿದ್ದರೆ ಕತ್ತರಿ ಬಿದ್ದದ್ದು ಕಾಯ್ದೆ ಬಂದ ಮೇಲೆ ಎಂದು ತಿಳಿಯುತ್ತದೆ.

ನಷ್ಟ ತುಂಬಲು ಸರ್ಕಾರ ಕಿಟಕಿ ತೆರಿಗೆ ಹಾಕಿತು. ಮನೆಗೆ ವರ್ಷಕ್ಕೆ 2 ಶಿಲ್ಲಿಂಗ್, ಹತ್ತಕ್ಕಿಂತ ಹೆಚ್ಚು ಕಿಟಕಿಗಳಿದ್ದರೆ 6, ಇಪ್ಪತ್ತು ದಾಟಿದರೆ 10. ತಾತ್ಕಾಲಿಕ ಎಂದು ಬಂದದ್ದು ಹೋದದ್ದು 1851ರಲ್ಲಿ. ಜನ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಸಿದರು.

ಹಳೆಯ ನಾಣ್ಯದ ಓಡಾಟ ನಿಂತಿತು, ಹೊಸದು ಸಾಕಷ್ಟು ಬರಲಿಲ್ಲ. 1696ರ ಬೇಸಿಗೆಯಲ್ಲಿ ಸಂತೆಯ ಸಾಮಾನಿಗೂ ಚಿಲ್ಲರೆ ಇರಲಿಲ್ಲ ಎಂದು ಜಾನ್ ಎವೆಲಿನ್ ದಿನಚರಿಯಲ್ಲಿ ಬರೆದುಕೊಂಡರು. ಎರಡೇ ವರ್ಷದ ಹಿಂದೆ ಹುಟ್ಟಿದ್ದ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಮೇ ತಿಂಗಳಲ್ಲಿ ನೋಟು ಹಿಡಿದವರು ಮುಗಿಬಿದ್ದರು. ಪೂರ್ತಿ ಕೊಡಲು ನಾಣ್ಯವಿಲ್ಲದೆ ಅದು ಸ್ವಲ್ಪ ಸ್ವಲ್ಪವೇ ಕೊಟ್ಟಿತು.

ಲಂಡನ್ ಟವರ್‌ನೊಳಗಿದ್ದ ಟಂಕಸಾಲೆಗೆ ಆ ವಸಂತದಲ್ಲಿ ವಾರ್ಡನ್, ಅಂದರೆ ಮೇಲ್ವಿಚಾರಕ, ಆಗಿ ಬಂದವರು ನ್ಯೂಟನ್. ತಾವು ಒಪ್ಪದ ನಿರ್ಧಾರವನ್ನು ಜಾರಿಗೆ ತರುವ ಕೆಲಸ ಅವರ ಪಾಲಿಗೆ ಬಿತ್ತು. ಅವರ ಟಿಪ್ಪಣಿಗಳಲ್ಲಿ ಒಂದು ಘಟಕದ ಲೆಕ್ಕ ಹೀಗಿದೆ: ಎರಡು ಉರುಳೆ ಗಿರಣಿ, ನಾಲ್ವರು ಗಿರಣಿಯವರು, 12 ಕುದುರೆ, ಅವನ್ನು ನೋಡಿಕೊಳ್ಳಲು ಇಬ್ಬರು, ಬಿಲ್ಲೆ ಕತ್ತರಿಸಲು ಮೂವರು, ತೂಕ ಸರಿಮಾಡಲು ಎಂಟು ಜನ, ಎರಡು ಒತ್ತುಯಂತ್ರಗಳ ಹಗ್ಗ ಎಳೆಯಲು 14 ಆಳು. ಒತ್ತುಯಂತ್ರ ನಿಮಿಷಕ್ಕೆ 50ರಿಂದ 55 ಬಾರಿ ಇಳಿಯುತ್ತಿತ್ತು. ಕೆಳಗೆ ಕೂತವನು ಪ್ರತಿ ಏಟಿನ ನಡುವೆ ಅಚ್ಚಾದದ್ದನ್ನು ಬೆರಳಿನಿಂದ ಚಿಮ್ಮಿ ಹೊಸ ಬಿಲ್ಲೆ ಇಡಬೇಕು. ಲಯ ತಪ್ಪಿದರೆ ಬೆರಳು ಹೋಯಿತು. ಬ್ರಿಸ್ಟಲ್, ಚೆಸ್ಟರ್, ಎಕ್ಸೆಟರ್, ನಾರಿಚ್, ಯಾರ್ಕ್‌ಗಳಲ್ಲಿ ತಾತ್ಕಾಲಿಕ ಟಂಕಸಾಲೆಗಳು ತೆರೆದವು. ಚೆಸ್ಟರಿನಲ್ಲಿ ಉಸ್ತುವಾರಿಗೆ ಹೋದವರಲ್ಲಿ ಧೂಮಕೇತುವಿನ ಎಡ್ಮಂಡ್ ಹ್ಯಾಲಿಯೂ ಒಬ್ಬರು. ಮುಗಿಯುವಷ್ಟರಲ್ಲಿ ಸುಮಾರು 68 ಲಕ್ಷ ಪೌಂಡ್ ಮೊತ್ತದ ಬೆಳ್ಳಿ ಅಚ್ಚಾಗಿತ್ತು.

ಇಷ್ಟು ಶ್ರಮದಿಂದ ಬಂದ ಬೆಳ್ಳಿ ನಿಲ್ಲಲಿಲ್ಲ. ಕಾರಣ ಕತ್ತರಿಯಲ್ಲ, ಗಿನಿ. ಲಾಕ್ ಪ್ರಕಾರ ಬೆಳ್ಳಿಯೊಂದೇ ಅಳತೆಗೋಲು, ಚಿನ್ನ ತನ್ನ ಬೆಲೆಯನ್ನು ಪೇಟೆಯಲ್ಲಿ ಕಂಡುಕೊಳ್ಳಲಿ. ಆದರೆ 1696ರ ಏಪ್ರಿಲ್‌ನಲ್ಲಿ ಗಿನಿಯ ಗರಿಷ್ಠ ಬೆಲೆಯನ್ನು 22 ಶಿಲ್ಲಿಂಗಿಗೆ ಇಳಿಸಲಾಯಿತು, ಖಜಾನೆ ಆ ದರಕ್ಕೆ ತೆಗೆದುಕೊಂಡಿತು, ಅದೇ ದೇಶದ ದರವಾಯಿತು. ಯುರೋಪಿನ ಬಹುಪಾಲು ಕಡೆ ಒಂದು ಗಿನಿಯಷ್ಟು ಚಿನ್ನ 20 ಶಿಲ್ಲಿಂಗ್ 8 ಪೆನ್ಸಿನ ಆಸುಪಾಸಿನ ಬೆಳ್ಳಿಗೆ ಸಿಗುತ್ತಿತ್ತು. ಅಲ್ಲಿಂದ ಚಿನ್ನ ತಂದು ಇಲ್ಲಿ 22 ಶಿಲ್ಲಿಂಗ್ ಪಡೆದು, ತುಂಬು ತೂಕದ ಶಿಲ್ಲಿಂಗ್‌ಗಳನ್ನು ಕರಗಿಸಿ ಹಡಗು ಹತ್ತಿಸಿದರೆ ಗಿನಿಗೆ 16 ಪೆನ್ಸ್ ಉಳಿಯುತ್ತದೆ. ದರವನ್ನು ಆಮೇಲೆ 21 ಶಿಲ್ಲಿಂಗ್ 6 ಪೆನ್ಸಿಗೆ ಇಳಿಸಿದರು. ಆಗಲೂ 10 ಪೆನ್ಸ್ ಉಳಿಯಿತು.

ಪೂರ್ವದಲ್ಲಿ ಈ ಲಾಭ ಇನ್ನೂ ದೊಡ್ಡದು. ಒಂದು ಪಾಲು ಚಿನ್ನಕ್ಕೆ ಇಂಗ್ಲೆಂಡಿನಲ್ಲಿ ಹದಿನೈದೂವರೆ ಪಾಲು ಬೆಳ್ಳಿಯಾದರೆ ಚೀನಾ, ಜಪಾನಿನಲ್ಲಿ ಒಂಬತ್ತೋ ಹತ್ತೋ, ಇಂಡಿಯಾದಲ್ಲಿ ಹನ್ನೆರಡು ಎಂದು ನ್ಯೂಟನ್ 1717ರ ವರದಿಯಲ್ಲಿ ಲೆಕ್ಕ ಕೊಟ್ಟರು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಬಟ್ಟೆ, ಸಂಬಾರ ಕೊಳ್ಳಲು ತುಂಬಿಕೊಂಡು ಬರುತ್ತಿದ್ದುದೇ ಬೆಳ್ಳಿ. ನಮ್ಮ ದಕ್ಷಿಣದ ವ್ಯವಹಾರ ಬಹುಮಟ್ಟಿಗೆ ವರಹ, ಹೊನ್ನುಗಳಲ್ಲಿ ನಡೆಯುತ್ತಿದ್ದರೆ ಸೂರತ್, ಬಂಗಾಳದ ಕಡೆ ರೂಪಾಯಿಗೆ ಬೇಕಿದ್ದುದು ಬೆಳ್ಳಿಯೇ.

ನ್ಯೂಟನ್ ಅದೇ ವರದಿಯಲ್ಲಿ ಗಿನಿಯಿಂದ 10ರಿಂದ 12 ಪೆನ್ಸ್ ತೆಗೆದರೆ ಬೆಳ್ಳಿಯ ಸೆಳೆತ ನಿಲ್ಲುತ್ತದೆ, ಸದ್ಯ 6 ಪೆನ್ಸ್ ತೆಗೆದು ನೋಡೋಣ ಎಂದರು. ಡಿಸೆಂಬರಿನಲ್ಲಿ ಗಿನಿ 21 ಶಿಲ್ಲಿಂಗಿಗೆ ಇಳಿಯಿತು. ಮುಂದಿನ ಇಳಿಕೆ ಬರಲೇ ಇಲ್ಲ. ಉಳಿದ ನಾಲ್ಕಾರು ಪೆನ್ಸ್ ಅಂತರವೇ ಸಾಕಾಯಿತು: ದೊಡ್ಡ ವ್ಯವಹಾರಕ್ಕೆ ಚಿನ್ನ, ಚಿಲ್ಲರೆಗೆ ಸವೆದ ಬೆಳ್ಳಿ. ಇಂಗ್ಲೆಂಡ್ ಚಿನ್ನದ ಮಾನಕಕ್ಕೆ, ಅಂದರೆ ಹಣಕ್ಕೆ ಚಿನ್ನವೇ ಅಳತೆಗೋಲಾಗುವ ಪದ್ಧತಿಗೆ, ಬಂದದ್ದು ನ್ಯೂಟನ್ನರ ದೂರದೃಷ್ಟಿಯಿಂದ ಎಂದು ಆಗಾಗ ಓದುತ್ತೇವೆ. ಬೆಳ್ಳಿಯನ್ನು ಉಳಿಸಲು ಹೊರಟ ವರದಿಯ ಅರ್ಧಕ್ಕೇ ನಿಂತ ಜಾರಿ ಅದು.

1774ರಲ್ಲಿ 25 ಪೌಂಡ್ ಮೀರಿದ ಪಾವತಿಗೆ ಬೆಳ್ಳಿ ನಾಣ್ಯವನ್ನು ಎಣಿಸಿಕೊಟ್ಟರೆ ಸಾಲದು, ತೂಗಿಕೊಡಬೇಕು ಎಂದಾಯಿತು. ಕೊನೆಗೆ 1816ರ ಕಾಯ್ದೆ ಚಿನ್ನವನ್ನೇ ಅಳತೆಗೋಲು ಮಾಡಿ, ಟ್ರಾಯ್ ಪೌಂಡ್ ಬೆಳ್ಳಿಗೆ 62ರ ಬದಲು 66 ಶಿಲ್ಲಿಂಗ್ ಅಚ್ಚು ಹಾಕಿಸಿತು. ಕರಗಿಸಿದರೆ ನಷ್ಟ ಬರುವಂತೆ ನಾಣ್ಯ ಹಗುರವಾಗಿರಲಿ ಎಂದು ಲೌಂಡ್ಸ್ ಕೇಳಿ ಆಗ 121 ವರ್ಷ ಕಳೆದಿತ್ತು.