ಸೌಂಡ್: ಕಾಗುಣಿತ ಒಂದು, ಪದ ನಾಲ್ಕು

ಇಂಗ್ಲಿಷ್ ಕಲಿಯುತ್ತಿದ್ದ ಹೊಸದರಲ್ಲಿ ಕರಾರು ಕಾನೂನಿನ ಒಂದು ಪುಟವನ್ನು ಕನ್ನಡಕ್ಕೆ ತರಲು ಕುಳಿತಿದ್ದೆ. 'ಅನ್‌ಸೌಂಡ್ ಮೈಂಡ್' ಇರುವವರು ಕರಾರು ಮಾಡಿಕೊಳ್ಳುವಂತಿಲ್ಲ ಎಂಬ ಸಾಲು ಬಂತು. ಸೌಂಡ್ ಎಂದರೆ ಸದ್ದು, ಅನ್ ಎಂದರೆ ಇಲ್ಲ. ಇನ್ನೇನು ಅನುಮಾನ ಎಂದುಕೊಂಡು 'ಮನಸ್ಸು ನಿಶ್ಶಬ್ದವಾಗಿರುವವರು' ಎಂದು ಬರೆದುಬಿಟ್ಟೆ. ಧ್ಯಾನಕ್ಕೆ ಕುಳಿತವರೆಲ್ಲ ಒಂದೇ ಏಟಿಗೆ ಅನರ್ಹರಾದರು. ತಪ್ಪು ತಿಳಿದ ಮೇಲೆ ದೊಡ್ಡ ನಿಘಂಟನ್ನು ತೆರೆದೆ. ಅಲ್ಲಿ ಸೌಂಡ್ ಒಂದೇ ಕಡೆ ಇರಲಿಲ್ಲ. ತಲೆಯ ಮೇಲೆ 1, 2, 3, 4 ಎಂಬ ಪುಟ್ಟ ಅಂಕಿಗಳನ್ನು ಹೊತ್ತು ನಾಲ್ಕು ಕಡೆ ನಿಂತಿತ್ತು.

ಆ ಪುಟ್ಟ ಅಂಕಿಗಳನ್ನು ಓದಲು ಕಲಿತರೆ ಅರ್ಧ ಗೊಂದಲ ಕಳೆಯುತ್ತದೆ. ಒಂದು ಪದಕ್ಕೆ ಹಲವು ಅರ್ಥಗಳಿರುವುದು ಒಂದು ಸಂಗತಿ. ಕನ್ನಡದ 'ಕಣ್ಣು' ಹಾಗಿದೆ: ಮುಖದ ಕಣ್ಣು, ಸೂಜಿಯ ಕಣ್ಣು, ತೆಂಗಿನಕಾಯಿಯ ಕಣ್ಣು. ಮೂರೂ ಒಂದೇ ಪದದ ಕೊಂಬೆಗಳು. 'ಆಡು' ಹಾಗಲ್ಲ. ಸೊಪ್ಪು ಮೇಯುವ ಆಡಿಗೂ ಮಕ್ಕಳು ಆಡುವುದಕ್ಕೂ ಅರ್ಥದ ನಂಟಿಲ್ಲ. ರೂಪ ಮಾತ್ರ ಒಂದೇ. ನಿಘಂಟು ಕೊಂಬೆಗಳಿಗೆ ಹಾಕುವ ಅಂಕಿ ವಿವರಣೆಯ ಒಳಗಿರುತ್ತದೆ. ಬೇರೆ ಬೇರೆ ಪದಗಳಿಗೆ ಹಾಕುವ ಅಂಕಿ ಪದದ ನೆತ್ತಿಯ ಮೇಲಿರುತ್ತದೆ. ಸೌಂಡ್ ಎರಡನೆಯ ಬಗೆಯದು.

ಎಲ್ಲರಿಗೂ ಗೊತ್ತಿರುವ ಸದ್ದಿನಿಂದಲೇ ಶುರು ಮಾಡೋಣ. ಇದು ಲ್ಯಾಟಿನ್ನಿನ 'ಸೋನುಸ್'. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಸಂಸ್ಕೃತದ 'ಸ್ವನ' ಇದೇ ಬೇರಿನದು. ಆದ್ದರಿಂದ ಭಾಷಾವಿಜ್ಞಾನದ ಕನ್ನಡ ಪುಸ್ತಕಗಳಲ್ಲಿ ಬರುವ 'ಸ್ವನಿಮ' ಈ ಸೌಂಡಿಗೆ ದೂರದ ನೆಂಟ. ಸಾನೆಟ್, ಸೊನಾಟಾ, ಸೋನಿಕ್, ಯೂನಿಸನ್ ಕೂಡ ಇದೇ ಮನೆಯವು. ವ್ಯಂಜನಕ್ಕೆ ಇಂಗ್ಲಿಷಿನಲ್ಲಿರುವ 'ಕಾನ್ಸೊನಂಟ್' ಎಂಬ ಹೆಸರಿಗೆ ಮೂಲದಲ್ಲಿ 'ಜೊತೆಗೂಡಿ ಸದ್ದು ಮಾಡುವುದು' ಎಂದೇ ಅರ್ಥ. ಸ್ವರದ ಆಸರೆಯಿಲ್ಲದೆ ವ್ಯಂಜನವನ್ನು ಉಚ್ಚರಿಸಲಾಗದು ಎಂದು ನಮ್ಮ ವ್ಯಾಕರಣಗಳು ಹೇಳುವುದೂ ಇದನ್ನೇ.

ಈ ಪಟ್ಟಿಯಲ್ಲಿ ಯಾವುದಕ್ಕೂ 'ಡ್' ಇಲ್ಲ. ಸೌಂಡಿಗೆ ಮಾತ್ರ ಎಲ್ಲಿಂದ ಬಂತು? ಮೊದಲು ಇಂಗ್ಲಿಷಿನವರೂ 'ಸೂನ್' ಎಂದೇ ಹೇಳುತ್ತಿದ್ದರು. ಕೊನೆಯ ಡಕಾರ ಸುಮಾರು 15ನೆಯ ಶತಮಾನದಲ್ಲಿ ಅಂಟಿಕೊಂಡಿತು. ಕಾರಣ ಪುಸ್ತಕದಲ್ಲಿಲ್ಲ, ಬಾಯಲ್ಲಿದೆ. 'ನ್' ಎಂದು ಎಳೆಯಿರಿ. ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಒತ್ತಿಕೊಂಡಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತಿರುತ್ತದೆ. ನಾಲಗೆಯನ್ನು ಕದಲಿಸದೆ ಮೂಗನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಆಮೇಲೆ ನಾಲಗೆಯನ್ನು ಬಿಡಿ. 'ದ್' ಎಂದು ಸಿಡಿಯುತ್ತದೆ. ಮಾತಾಡುವಾಗ ಬೆರಳಿನ ಕೆಲಸವನ್ನು ಬಾಯಿಯ ಹಿಂಭಾಗದ ಮೆದು ಅಂಗುಳ ಮಾಡುತ್ತದೆ. ಅದು ಕ್ಷಣಾರ್ಧ ಮೊದಲೇ ಮೂಗಿನ ದಾರಿಯನ್ನು ಮುಚ್ಚಿದರೆ ಕರೆಯದ ಡಕಾರವೊಂದು ಬಂದು ಕೂರುತ್ತದೆ. 'ಥಂಡರ್' ಪದಕ್ಕೂ ಹೀಗೇ ಆಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದು 'ಥುನೊರ್'. ಜರ್ಮನ್ನಿನಲ್ಲಿ ಇಂದಿಗೂ 'ಡೊನ್ನರ್', ನಡುವೆ ಡಕಾರವಿಲ್ಲ.

ಇನ್ನು ನನ್ನನ್ನು ಬೀಳಿಸಿದ ಎರಡನೆಯ ಸೌಂಡ್. ಇದು ಫ್ರೆಂಚಿನಿಂದ ಬಂದದ್ದಲ್ಲ, ಹಳೆಯ ಇಂಗ್ಲಿಷಿನ ಸ್ವಂತ ಆಸ್ತಿ: 'ಗೆಸುಂಡ್', ಅಂದರೆ ಆರೋಗ್ಯವಂತ, ಊನವಿಲ್ಲದ. ಜರ್ಮನ್ನರು ಈಗಲೂ 'ಗೆಸುಂಡ್' ಎನ್ನುತ್ತಾರೆ. ಯಾರಾದರೂ ಸೀನಿದರೆ 'ಗೆಸುಂಡ್‌ಹೈಟ್' ಎಂದು ಹಾರೈಸುತ್ತಾರೆ. 'ಸೇಫ್ ಅಂಡ್ ಸೌಂಡ್' ಎಂದರೆ ಕ್ಷೇಮವಾಗಿ, ಗಾಯವಿಲ್ಲದೆ. ಇಲ್ಲಿಂದ ಮುಂದೆ ಅರ್ಥ ಕೊಂಬೆಯೊಡೆಯುತ್ತದೆ. ಊನವಿಲ್ಲದ ಕಟ್ಟಡ ಗಟ್ಟಿಮುಟ್ಟು, ಊನವಿಲ್ಲದ ಸಲಹೆ ನಂಬಬಹುದಾದದ್ದು, ನಡುವೆ ಮುರಿಯದ ನಿದ್ದೆ 'ಸೌಂಡ್ ಸ್ಲೀಪ್'. ಗೊರಕೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ. 'ಸೌಂಡ್ ಥ್ರ್ಯಾಶಿಂಗ್' ಎಂದರೆ ಏನೂ ಬಾಕಿ ಉಳಿಸದೆ ಕೊಟ್ಟ ಪೆಟ್ಟು.

ತರ್ಕಶಾಸ್ತ್ರ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿ 'ವ್ಯಾಲಿಡ್' ಬೇರೆ, 'ಸೌಂಡ್' ಬೇರೆ. ಎಲ್ಲ ಮೀನುಗಳೂ ಹಾರುತ್ತವೆ, ತಿಮಿಂಗಿಲ ಒಂದು ಮೀನು, ಆದ್ದರಿಂದ ತಿಮಿಂಗಿಲ ಹಾರುತ್ತದೆ: ಈ ವಾದದ ಜೋಡಣೆಯಲ್ಲಿ ದೋಷವಿಲ್ಲ, ಹಾಗಾಗಿ ಅದು ವ್ಯಾಲಿಡ್. ಆದರೆ ಆಧಾರವಾಕ್ಯಗಳು ಎರಡೂ ಸುಳ್ಳು. ಜೋಡಣೆಯೂ ಸರಿಯಿದ್ದು ಆಧಾರವಾಕ್ಯಗಳೆಲ್ಲವೂ ನಿಜವಾದಾಗ ಮಾತ್ರ ವಾದ ಸೌಂಡ್. ಎಲ್ಲಿ ತಟ್ಟಿದರೂ ಬಿರುಕಿಲ್ಲ ಎಂಬ ಹಳೆಯ ಅರ್ಥವೇ ಶಾಸ್ತ್ರದ ಅಂಗಿ ತೊಟ್ಟಿದೆ.

ಮೂರನೆಯದು ನೀರಿನದು. ಎರಡು ನೆಲಗಳ ನಡುವಿನ ಕಿರಿದಾದ ಕಡಲು, ಅಂದರೆ ಜಲಸಂಧಿ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್ ಒಳ್ಳೆಯ ಉದಾಹರಣೆ. 2000ರಲ್ಲಿ ಅದರ ಮೇಲೆ ಸೇತುವೆ ತೆರೆಯಿತು. ಹಳೆಯ ನಾರ್ಸ್ ಭಾಷೆಯಲ್ಲಿ 'ಸುಂಡ್' ಎಂದರೆ ಈಜು ಎಂದೂ ಅರ್ಥ, ಜಲಸಂಧಿ ಎಂದೂ ಅರ್ಥ. 'ಸ್ವಿಮ್' ಇದರ ಒಡಹುಟ್ಟು. ನಕ್ಷೆಗಳಲ್ಲಿ ಬರುವ ಹೆಸರನ್ನು ಮಾತ್ರ ಪೂರ್ತಿ ನಂಬಬೇಡಿ: ನ್ಯೂಜಿಲೆಂಡಿನ ಮಿಲ್‌ಫರ್ಡ್ ಸೌಂಡ್ ಜಲಸಂಧಿಯೇ ಅಲ್ಲ, ಹಿಮನದಿ ಕೊರೆದ ಕಣಿವೆಯೊಳಗೆ ಕಡಲು ನುಗ್ಗಿ ಆದ ಫ್ಯೋರ್ಡ್.

ನಾಲ್ಕನೆಯದು ನನಗೆ ಅತಿ ಪ್ರಿಯವಾದದ್ದು: ಆಳ ಅಳೆಯುವುದು. ಫ್ರೆಂಚಿನ 'ಸೋಂಡೆ'ಯಿಂದ ಬಂದ ಕ್ರಿಯಾಪದ. ಆ ಫ್ರೆಂಚ್ ಪದವೇ ಉತ್ತರದ ನಾವಿಕರ 'ಸುಂಡ್'ನಿಂದ ಹುಟ್ಟಿರಬಹುದು ಎಂದು ಪದಮೂಲ ಹುಡುಕುವವರು ಹೇಳುತ್ತಾರೆ; ಹಾಗಾದರೆ ಮೂರನೆಯದಕ್ಕೂ ಇದಕ್ಕೂ ರಕ್ತಸಂಬಂಧವಿದೆ. ಹಾಯಿಹಡಗಿನ ಕಾಲದ ಅಳತೆ ಹೀಗಿತ್ತು: ಉದ್ದನೆಯ ಹಗ್ಗ, ತುದಿಗೆ ಸೀಸದ ಭಾರ. ಸೀಸದ ಅಡಿಯಲ್ಲಿ ಒಂದು ಕುಳಿ, ಅದರಲ್ಲಿ ಮೆತ್ತಿದ ಪ್ರಾಣಿಯ ಕೊಬ್ಬು. ತಳ ಮುಟ್ಟಿ ಮೇಲೆ ಬಂದಾಗ ಕೊಬ್ಬಿಗೆ ಮರಳೋ ಚಿಪ್ಪೋ ಕೆಸರೋ ಅಂಟಿಕೊಂಡಿರುತ್ತಿತ್ತು. ಎಷ್ಟು ಆಳ ಎಂಬುದರ ಜೊತೆಗೆ ಎಂಥ ತಳ ಎಂಬುದೂ ತಿಳಿಯುತ್ತಿತ್ತು. ಹಗ್ಗದ ಗುರುತುಗಳನ್ನು ನೋಡಿದರೆ ಆ ಜನರ ಜಾಣತನಕ್ಕೆ ತಲೆದೂಗಬೇಕು. 2 ಫ್ಯಾದಂ ಇರುವಲ್ಲಿ ಚರ್ಮದ ಎರಡು ಪಟ್ಟಿ, 3ಕ್ಕೆ ಮೂರು ಪಟ್ಟಿ, 5ಕ್ಕೆ ಬಿಳಿ ಬಟ್ಟೆ, 7ಕ್ಕೆ ಕೆಂಪು ಬಟ್ಟೆ, 10ಕ್ಕೆ ತೂತಿರುವ ಚರ್ಮ. ಬಟ್ಟೆಗಳ ನೇಯ್ಗೆಯೂ ಬೇರೆ ಬೇರೆ. ಕತ್ತಲಲ್ಲಿ ಬಣ್ಣ ಕಾಣದಿದ್ದರೂ ಬೆರಳಿಗೆ, ತುಟಿಗೆ ಗೊತ್ತಾಗುತ್ತಿತ್ತು.

ಫ್ಯಾದಂ ಎಂದರೆ 6 ಅಡಿ. ಮೂಲದಲ್ಲಿ ಅದು ಎರಡೂ ತೋಳುಗಳನ್ನು ಚಾಚಿದಾಗಿನ ಉದ್ದ. ಅಂದರೆ ನಮ್ಮ 'ಮಾರು', ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಅರ್ಥ. ನಿಘಂಟುಗಳು ಫ್ಯಾದಂ ಪದಕ್ಕೆ ಉದ್ದುದ್ದ ವಿವರಣೆ ಕೊಡುವುದನ್ನು ಕಂಡಾಗ ಈ ಎರಡಕ್ಷರ ಎಲ್ಲಿ ಹೋಯಿತು ಎಂದು ನನಗೆ ಅನಿಸುವುದುಂಟು. ಅಂದಹಾಗೆ 'ಮಾರು' ಕೂಡ ಸೌಂಡಿನ ಜಾತಿಯದೇ; ತೋಳಿನ ಮಾರಿಗೂ ಸಂತೆಯಲ್ಲಿ ಮಾರುವುದಕ್ಕೂ ಅರ್ಥದಲ್ಲಿ ಏನೂ ಹೊಂದಿಕೆಯಿಲ್ಲ.

ಈ ನಾಲ್ಕನೆಯದರ ಬಳಕೆಗಳು ಓದುವವರನ್ನು ಚೆನ್ನಾಗಿ ಆಡಿಸುತ್ತವೆ. ಒಬ್ಬರನ್ನು 'ಸೌಂಡ್ ಔಟ್' ಮಾಡುವುದು ಎಂದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಆಳ ನೋಡುವುದು. ತಿಮಿಂಗಿಲ 'ಸೌಂಡ್' ಮಾಡಿತು ಎಂದರೆ ಕೂಗಿತು ಎಂದಲ್ಲ, ಆಳಕ್ಕೆ ಮುಳುಗಿತು ಎಂದು. 'ಸೌಂಡಿಂಗ್ ರಾಕೆಟ್' ಗದ್ದಲ ಮಾಡುವ ರಾಕೆಟ್ ಅಲ್ಲ; ಬಲೂನುಗಳು ಏರಲಾರದ, ಉಪಗ್ರಹಗಳು ಇಳಿಯಲಾರದ ಎತ್ತರದ ವಾತಾವರಣವನ್ನು ಉಪಕರಣಗಳಿಂದ ಅಳೆದು ಬರುವ ರಾಕೆಟ್. ಗದ್ದಲವನ್ನಂತೂ ಎಲ್ಲ ರಾಕೆಟ್ಟುಗಳೂ ಮಾಡುತ್ತವೆ.

20ನೆಯ ಶತಮಾನದಲ್ಲಿ ಸೀಸದ ಗುಂಡಿನ ಜಾಗಕ್ಕೆ ಪ್ರತಿಧ್ವನಿ ಬಂತು. ಹಡಗಿನ ತಳದಿಂದ ಒಂದು ಸದ್ದು ಕಳಿಸುತ್ತಾರೆ. ಕಡಲನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ತಳಕ್ಕೆ ಬಡಿದು 2 ಸೆಕೆಂಡಿನಲ್ಲಿ ಮರಳಿದರೆ ಆಳ 1500 ಮೀಟರ್. ಇದರ ಹೆಸರು 'ಎಕೋ ಸೌಂಡಿಂಗ್'. ಇಲ್ಲಿ ಸೌಂಡ್ ಎಂದರೆ ಅಳೆಯುವುದೇ, ಸದ್ದಲ್ಲ. ಅಳೆಯುವ ಸಾಧನ ಮಾತ್ರ ಸದ್ದು.

ಒಂದು ಚೂರು ಉಳಿದಿದೆ. ಕಾಡ್ ಎಂಬ ಮೀನಿನ ಹೊಟ್ಟೆಯೊಳಗೆ ಗಾಳಿ ತುಂಬಿದ ಚೀಲವೊಂದಿದೆ, ನೀರಿನಲ್ಲಿ ತೇಲಲು ಅದು ನೆರವಾಗುತ್ತದೆ. ಈಜಿಗೆ ಸಂಬಂಧಿಸಿದ್ದರಿಂದ ಹಳೆಯ ಇಂಗ್ಲಿಷ್ ಮೀನುಗಾರರು ಆ ಚೀಲವನ್ನೂ 'ಸೌಂಡ್' ಎಂದೇ ಕರೆದರು. ಇದು ಮೂರನೆಯ ಪದದ ಮನೆಯದು. ಎಕೋ ಸೌಂಡಿಂಗ್ ಯಂತ್ರ ಮೀನನ್ನು ಪತ್ತೆ ಮಾಡುವಾಗ ಪ್ರತಿಧ್ವನಿಯ ಬಹುಪಾಲು ಬರುವುದು ಆ ಚೀಲದಿಂದಲೇ. ಸಾಲದ್ದಕ್ಕೆ ಕಾಡ್ ಮೀನು ಆ ಚೀಲವನ್ನು ಸ್ನಾಯುಗಳಿಂದ ತಮಟೆಯಂತೆ ಅದುರಿಸಿ ಗೊರಗೊರ ಎನ್ನುತ್ತದೆ. ಓರೆಸುಂಡ್‌ನಲ್ಲಿ ಕಾಡ್ ಮೀನುಗಳಿವೆ. ಆರೋಗ್ಯವಾಗಿರುವ ಒಂದು ಕಾಡ್ ಅಲ್ಲಿ ಗೊರಗುಟ್ಟುತ್ತಿದೆ, ಮೇಲಿಂದ ಒಂದು ದೋಣಿ ಆಳ ಅಳೆಯುತ್ತಿದೆ ಎಂದುಕೊಳ್ಳಿ. ಈ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ, ಸೌಂಡ್ ಎಷ್ಟು ಸಲ ಬಂತು, ಪ್ರತಿ ಸಲವೂ ನೆತ್ತಿಯ ಮೇಲೆ ಯಾವ ಅಂಕಿ ಹೊತ್ತು ಬಂತು ಎಂದು ಬರೆದುಕೊಳ್ಳಿ.